ತತ್ವಶಾಸ್ತ್ರ ಮತ್ತು ಕ್ರೈಸ್ತ ದೈವಶಾಸ್ತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ತರ್ಕ ಮತ್ತು ತತ್ವಶಾಸ್ತ್ರ ಪಾಠ ಮಾಡಿ ರಿಟೈರ್ ಆದವಳು. ಹುಟ್ಟಿನಿಂದ ಕ್ಯಾಥೊಲಿಕ್. ಹೀಗಾಗಿ ಎರಡೂ ಕಡೆಯಿಂದ ಪ್ರಶ್ನೆ ಬರುತ್ತವೆ. ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬಂದರೆ, "ಟೀಚರಮ್ಮ, ಫಿಲಾಸಫಿ ಓದಿದರೆ ವಿಶ್ವಾಸ ಹೋಗಲ್ವಾ?" ಅನ್ನುತ್ತಾರೆ. ಹಳೇ ಸಹೋದ್ಯೋಗಿಗಳು ಸಿಕ್ಕರೆ, "ಮೇಡಮ್, ಉತ್ತರ ಮೊದಲೇ ಇಟ್ಟುಕೊಂಡು ಪ್ರಶ್ನೆ ಕೇಳೋದು ಎಂಥಾ ಯೋಚನೆ?" ಅನ್ನುತ್ತಾರೆ. ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಏಳೆಂಟು ಜನ ಕೂತು ಓದುತ್ತೇವೆ. ಮಂಡಕ್ಕಿ, ಮೆಣಸಿನಕಾಯಿ, ಒಂದು ಪುಸ್ತಕ. ಅಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ನಾಲ್ಕೇ ಸಾಲು.

ತತ್ವಶಾಸ್ತ್ರ, ದೈವಶಾಸ್ತ್ರ ಎರಡೂ ಒಂದೇ ಅಲ್ವಾ?

ಅಲ್ಲ. ಆದರೆ ಕನ್ನಡದಲ್ಲಿ ಹಾಗನ್ನಿಸುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಸಾಂಖ್ಯ, ನ್ಯಾಯ ಇವೆಲ್ಲ 'ದರ್ಶನ'ಗಳು. ಗುಡಿಯ ಮುಂದೆ ಸಾಲಿನಲ್ಲಿ ನಿಂತವರು ಕಾಯುವುದೂ 'ದರ್ಶನ'ಕ್ಕೇ. ಯೋಚನೆಗೂ ದೇವರನ್ನು ನೋಡುವುದಕ್ಕೂ ಒಂದೇ ಪದ.

ಯುರೋಪಿನಲ್ಲಿ ಇವು ಎರಡಾದವು. ತತ್ವಶಾಸ್ತ್ರ ಎಲ್ಲರಿಗೂ ಸಿಗುವ ಜಾಗದಿಂದ ಹೊರಡುತ್ತದೆ: ಕಣ್ಣಿಗೆ ಕಂಡದ್ದು, ತರ್ಕ, ಮಾತಿನ ಅರ್ಥ. ಕ್ರೈಸ್ತ ದೈವಶಾಸ್ತ್ರ ಒಂದು ಸುದ್ದಿಯಿಂದ ಹೊರಡುತ್ತದೆ. ಯೇಸು ಶಿಲುಬೆಯ ಮೇಲೆ ಸತ್ತರು, ಮತ್ತೆ ಎದ್ದರು, ದೇವರು ಅವರಲ್ಲಿ ತಮ್ಮನ್ನು ತೋರಿಸಿಕೊಂಡರು ಅನ್ನುವ ಸುದ್ದಿ. ಇದು ನಿಜವಾದರೆ ದೇವರು ಎಂಥವರು, ಮನುಷ್ಯ ಎಂಥವನು ಅಂತ ಯೋಚಿಸುವುದೇ ದೈವಶಾಸ್ತ್ರ. ಯೋಚಿಸುವಾಗ ಬಳಸುವ ಸಾಮಾನು ಮಾತ್ರ ಬಹಳ ಸಲ ತತ್ವಶಾಸ್ತ್ರದ ಮನೆಯದು. ಗೊಂದಲ ಶುರುವಾಗುವುದು ಅಲ್ಲೇ.

ತತ್ವಜ್ಞಾನದ ಬಗ್ಗೆ ಎಚ್ಚರವಾಗಿರಿ ಅಂತ ಬೈಬಲ್ಲೇ ಹೇಳುತ್ತದಲ್ವಾ?

ಹೇಳುತ್ತದೆ. ಕೊಲೊಸ್ಸೆಯವರಿಗೆ ಬರೆದ ಪತ್ರದ 2ನೇ ಅಧ್ಯಾಯ, 8ನೇ ವಚನ. ಹೊಸ ಒಡಂಬಡಿಕೆಯಲ್ಲಿ 'ಫಿಲೊಸೊಫಿಯಾ' ಎಂಬ ಗ್ರೀಕ್ ಪದ ಬರುವುದು ಅದೊಂದೇ ಕಡೆ. ಅದೂ ಪೊಳ್ಳು ಮೋಸದ ಪಕ್ಕದಲ್ಲಿ. ಈ ವಚನವನ್ನು ನನ್ನ ಮುಂದೆ ಓದಿ ತೋರಿಸಿದವರ ಲೆಕ್ಕ ಇಟ್ಟಿಲ್ಲ.

ಆದರೆ ಆ ಪತ್ರ ಯಾರ ಹೆಸರಿನಲ್ಲಿದೆಯೋ, ಆ ಸಂತ ಪೌಲರೇ ಅಥೆನ್ಸಿಗೆ ಹೋದಾಗ ಏನು ಮಾಡಿದರು ನೋಡಿ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು, 17ನೇ ಅಧ್ಯಾಯ. ಪೇಟೆಯಲ್ಲಿ ಎಪಿಕ್ಯೂರಿಯನ್ನರು, ಸ್ಟೋಯಿಕರು ಎಂಬ ಎರಡು ತತ್ವಜ್ಞಾನಿ ಪಂಥದವರು ಸಿಕ್ಕರು. ಪೌಲರು ಅವರ ಜೊತೆ ಮಾತಿಗಿಳಿದರು. ಆಮೇಲೆ ಅರಿಯೊಪಾಗ ಎಂಬ ಊರ ಹಿರಿಯರ ಸಭೆಯಲ್ಲಿ ಮಾತಾಡುವಾಗ ಯೆಹೂದ್ಯ ಪ್ರವಾದಿಗಳ ಹೆಸರೇ ಎತ್ತಲಿಲ್ಲ. ಗ್ರೀಕರದೇ ಕವಿಯ ಸಾಲು ಹೇಳಿದರು: ನಾವು ದೇವರ ಸಂತಾನದವರು, ಅಂತ. ಆ ಸಾಲು ಅರಾಟಸ್ ಎಂಬ ಕವಿಯದು. ಸ್ಟೋಯಿಕರ ಕಡೆಯವರು, ಪೌಲರ ಸೀಮೆಯಾದ ಕಿಲಿಕಿಯದವರೇ. ಸೀಮೆಯ ಕವಿ, ಬಾಯಿಪಾಠ ಬಂದಿರಬೇಕು.

ಸತ್ತವರು ಎದ್ದರು ಅನ್ನುವ ಮಾತು ಬರುವ ತನಕ ಜನ ಕೇಳಿದರು. ಆ ಮಾತು ಬಂದದ್ದೇ ತಡ, ಕೆಲವರು ನಕ್ಕರು. ಕೆಲವರು ಇನ್ನೊಮ್ಮೆ ಕೇಳೋಣ ಅಂದರು. ದಿಯೊನಿಸಿಯಸ್ ಎಂಬ ಒಬ್ಬರು, ದಾಮರಿ ಎಂಬ ಒಬ್ಬ ಹೆಂಗಸು, ಇನ್ನು ಕೆಲವರು ನಂಬಿದರು. ದಿಯೊನಿಸಿಯಸ್ ಹೆಸರು ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಬರುತ್ತದೆ.

'ಆದಿಯಲ್ಲಿ ವಾಕ್ಯವಿತ್ತು' ಅಂದರೆ ಯಾವ ವಾಕ್ಯ?

ಇದನ್ನು ಕೇಳಿದ್ದು ಪಿಯುಸಿ ಓದುವ ಹುಡುಗಿ. ವ್ಯಾಕರಣದ ವಾಕ್ಯವಾ ಅಂದಳು. ಎಲ್ಲರೂ ನಕ್ಕರು, ನಾನು ನಗಲಿಲ್ಲ.

ಹಳೇ ಕನ್ನಡ ಬೈಬಲಿನಲ್ಲಿ ಯೋಹಾನರ ಸುವಾರ್ತೆ ಶುರುವಾಗುವುದೇ ಹೀಗೆ. ಮೂಲದ ಪದ 'ಲೋಗೋಸ್'. ಮಾತು, ಲೆಕ್ಕ, ಕಾರಣ, ವಿವೇಕ ಇಷ್ಟೂ ಅರ್ಥ ಅದಕ್ಕಿದೆ. ಯೇಸುವಿಗಿಂತ ಸುಮಾರು 500 ವರ್ಷ ಹಿಂದೆ ಎಫೆಸದ ಹೆರಾಕ್ಲಿಟಸ್ ಈ ಪದ ಹಿಡಿದರು. ಎಲ್ಲವೂ ಹರಿಯುವ ಜಗತ್ತಿನ ಒಳಗೆ ಒಂದು ಕ್ರಮ ಇದೆ, ಅದು ಲೋಗೋಸ್ ಅಂದರು. ಸ್ಟೋಯಿಕರು ಜಗತ್ತನ್ನು ನಡೆಸುವ ವಿವೇಕಕ್ಕೆ ಅದೇ ಹೆಸರು ಕೊಟ್ಟರು. ಅಲೆಕ್ಸಾಂಡ್ರಿಯದ ಯೆಹೂದ್ಯ ಪಂಡಿತ ಫೈಲೋ ಅದನ್ನು ದೇವರಿಗೂ ಜಗತ್ತಿಗೂ ನಡುವೆ ತಂದು ನಿಲ್ಲಿಸಿದರು. ಯೋಹಾನರ ಸುವಾರ್ತೆ ಹುಟ್ಟಿದ್ದೂ ಎಫೆಸದಲ್ಲೇ ಅನ್ನುತ್ತದೆ ಸಂಪ್ರದಾಯ. ಅದೇ ಊರು!

ಮೊದಲ ಕೆಲವು ವಚನ ಓದಿದರೆ ಯಾವ ಗ್ರೀಕ್ ಪಂಡಿತರಿಗೂ ತಕರಾರಿಲ್ಲ. 14ನೇ ವಚನಕ್ಕೆ ಬಂದಾಗ ಅವರು ಪುಸ್ತಕ ಕೆಳಗಿಡುತ್ತಾರೆ. ಆ ವಾಕ್ಯ ಮನುಷ್ಯನಾಗಿ ನಮ್ಮ ನಡುವೆ ಇತ್ತು ಅಂತ ಅಲ್ಲಿದೆ. ಮಗ್ಗಿ ಬಂದು ಬಾಗಿಲು ಬಡಿದು, ಬಾಯಾರಿದೆ ನೀರು ಕೊಡಿ ಅಂದ ಹಾಗೆ. ಸಂತ ಅಗಸ್ಟೀನರು ತಮ್ಮ ಆತ್ಮಕಥೆಯಲ್ಲಿ ಇದನ್ನೇ ಹೇಳುತ್ತಾರೆ. ಪ್ಲೇಟೋ ಪಂಥದವರ ಪುಸ್ತಕಗಳಲ್ಲಿ ಆದಿಯ ವಾಕ್ಯ ಅವರಿಗೆ ಸಿಕ್ಕಿತು. ಅದು ಮನುಷ್ಯನಾಯಿತು ಅನ್ನೋದು ಸಿಗಲಿಲ್ಲ.

ನಮ್ಮ 'ವಾಕ್ಯ' ಇಷ್ಟು ಭಾರ ಹೊರುತ್ತದಾ? ನನಗೆ ಅನುಮಾನ. ಆದರೆ ಇನ್ನೂರು ವರ್ಷದ ಬಳಕೆಯಿಂದ ಚರ್ಚಿಗೆ ಹೋಗುವವರ ಕಿವಿಯಲ್ಲಿ ಅದಕ್ಕೆ ಬೇರೆಯೇ ಅರ್ಥ ಕೂತಿದೆ. "ಇವತ್ತು ವಾಕ್ಯ ಯಾರು ಕೊಡ್ತಾರೆ?" ಅಂತ ಪ್ರಸಂಗದ ಬಗ್ಗೆ ಕೇಳುವವರಿಗೆ ವ್ಯಾಕರಣ ನೆನಪಾಗುವುದಿಲ್ಲ.

ಶುರುವಿನ ಕ್ರೈಸ್ತರು ತತ್ವಶಾಸ್ತ್ರವನ್ನು ಒಪ್ಪಿದರಾ, ಬಿಟ್ಟರಾ?

ಎರಡೂ. ಎರಡನೇ ಶತಮಾನದ ಜಸ್ಟಿನ್ ಎಂಬ ಸಂತರು ಮೊದಲು ಒಬ್ಬ ಸ್ಟೋಯಿಕರ ಹತ್ತಿರ ಹೋದರು. ಆಮೇಲೆ ಅರಿಸ್ಟಾಟಲ್ ಪಂಥದವರ ಹತ್ತಿರ. ಅವರು ಪಾಠಕ್ಕಿಂತ ಮೊದಲು ಫೀಸಿನ ವಿಷಯ ಎತ್ತಿದರು, ಜಸ್ಟಿನ್ ಎದ್ದು ಬಂದರು. ಕ್ರೈಸ್ತರಾದ ಮೇಲೂ ತತ್ವಜ್ಞಾನಿಯ ಮೇಲುವಸ್ತ್ರ ಬಿಡಲಿಲ್ಲ. ಲೋಗೋಸ್‌ನ ಬೀಜ ಎಲ್ಲರಲ್ಲೂ ಇದೆ, ಅದರ ಪ್ರಕಾರ ಬದುಕಿದ ಸಾಕ್ರಟೀಸ್ ಕೂಡ ಒಂದು ರೀತಿಯಲ್ಲಿ ಕ್ರೈಸ್ತರೇ ಅಂದರು.

ಕಾರ್ಥೇಜಿನ ತೆರ್ತುಲಿಯನ್ ಇದಕ್ಕೆ ತದ್ವಿರುದ್ಧ. ಅಥೆನ್ಸಿಗೂ ಜೆರುಸಲೇಮಿಗೂ ಏನು ಸಂಬಂಧ ಅಂತ ಸುಮಾರು 200ನೇ ಇಸವಿಯಲ್ಲಿ ಕೇಳಿದವರು ಅವರೇ. ತಮಾಷೆ ಏನೆಂದರೆ, ಅವರ ಬರಹದಲ್ಲೇ ಸ್ಟೋಯಿಕರ ವಿಚಾರ ಬೇಕಾದಷ್ಟಿದೆ. ಬೈಯುತ್ತಾ ಬೈಯುತ್ತಾ ಎದುರಾಳಿಯ ಮಾತು ಕಲಿತುಬಿಡುತ್ತೇವಲ್ಲ, ಹಾಗೆ.

ತ್ರಿತ್ವ ಅನ್ನೋದು ಗ್ರೀಕರಿಂದ ತಂದು ಸೇರಿಸಿದ್ದಂತೆ, ನಿಜವಾ?

ಅರ್ಧ ನಿಜ. ದೇವರು ಒಬ್ಬರೇ, ಆದರೂ ತಂದೆ, ಮಗ, ಪವಿತ್ರಾತ್ಮ ಮೂವರು ಅನ್ನುವ ಈ ವಿಶ್ವಾಸದ ಪದಗಳು ಅಲ್ಲಿಂದ ಬಂದವು. ಅರ್ಥ ಅಲ್ಲಿಂದ ಬರಲಿಲ್ಲ.

325ರಲ್ಲಿ ನೈಸಿಯಾದಲ್ಲಿ ಬಿಷಪ್ಪರ ಸಭೆ ನಡೆಯಿತು. ಈಗ ಆ ಊರು ಟರ್ಕಿಯಲ್ಲಿದೆ, ಹೆಸರು ಇಜ್ನಿಕ್. ಅಲೆಕ್ಸಾಂಡ್ರಿಯದ ಆರಿಯಸ್ ಎಂಬ ಗುರು, ದೇವರ ಮಗನೂ ಸೃಷ್ಟಿಯೇ, ಮಗ ಇಲ್ಲದಿದ್ದದ್ದೂ ಉಂಟು ಅನ್ನುತ್ತಿದ್ದರು. ಅವರ ಬಾಯಲ್ಲೂ ಬೈಬಲ್ ವಚನ, ಎದುರಿನವರ ಬಾಯಲ್ಲೂ ಬೈಬಲ್ ವಚನ. ವಚನಕ್ಕೆ ವಚನ ಇಟ್ಟು ಜಗಳ ಮುಗಿಯಲಿಲ್ಲ. ಕೊನೆಗೆ ಬೈಬಲಿನಲ್ಲಿ ಇಲ್ಲದ ಒಂದು ಪದ ತಂದರು: 'ಹೋಮೊಊಸಿಯೊಸ್', ತಂದೆ ಮಗ ಇಬ್ಬರದೂ ಒಂದೇ ಸತ್ವ ಅಂತ. ಆ ಪದ ಒಪ್ಪಿಗೆಯಾಗಿ ನೆಲೆ ನಿಲ್ಲುವುದಕ್ಕೆ ಇನ್ನೂ ಐವತ್ತು ವರ್ಷದ ಜಗಳ ಬೇಕಾಯಿತು.

ನನಗೆ ತುಂಬಾ ಇಷ್ಟವಾದ ಭಾಗ ಇದರ ಮುಂದಿನದು. ಲ್ಯಾಟಿನ್ ಬರೆಯುವವರು ತಂದೆ, ಮಗ, ಪವಿತ್ರಾತ್ಮ ಮೂವರಿಗೂ 'ಪೆರ್ಸೋನ' ಅನ್ನುವ ಪದ ಬಳಸಿದರು. ಪೆರ್ಸೋನ ಅಂದರೆ ಮೊದಲು ನಾಟಕದ ಮುಖವಾಡ, ಪಾತ್ರ. ದಾವಣಗೆರೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಿಂದೋಡಿ ಲೀಲಾ ಅವರ ಕಂಪನಿ ನಾಟಕ ನೋಡಿದ ತಲೆಮಾರು ಇನ್ನೂ ಇದೆ. ಒಬ್ಬರೇ ನಟ ಒಂದೇ ರಾತ್ರಿ ಮೂರು ವೇಷ ಹಾಕುತ್ತಾರೆ. ದೇವರೂ ಹಾಗೇ ಅಂದವರಿದ್ದರು, ಸಬೆಲಿಯಸ್ ಹೆಸರು ಈ ವಾದಕ್ಕೆ ಅಂಟಿಕೊಂಡಿದೆ. ಸಭೆ, ಅಂದರೆ ಕ್ರೈಸ್ತ ಸಮುದಾಯ, ಒಪ್ಪಲಿಲ್ಲ. ಒಬ್ಬರೇ ವೇಷ ಬದಲಿಸುತ್ತಿದ್ದರೆ ಯೇಸು ಗೆತ್ಸೆಮನೆ ತೋಟದಲ್ಲಿ ಬೆವರು ಸುರಿಸಿ ಪ್ರಾರ್ಥನೆ ಮಾಡಿದ್ದು ಯಾರಿಗೆ? ತನಗೆ ತಾನೇನಾ? ಹೀಗೆ ಕೇಳಿ ಕೇಳಿ, ಕಳಚಿ ಇಡುವ ಮುಖವಾಡದ ಹೆಸರು ಕಳಚಲಾಗದ ಮುಖದ ಹೆಸರಾಯಿತು. ಗ್ರೀಕಿನಲ್ಲೂ ಇದೇ ಕಥೆ. 'ಊಸಿಯಾ', 'ಹೈಪೊಸ್ಟಾಸಿಸ್' ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಇತ್ತು. ಕಪ್ಪದೋಕಿಯ ಸೀಮೆಯ ಬಾಸಿಲ್, ಇಬ್ಬರು ಗ್ರೆಗರಿಗಳು ಕೂತು ಅವನ್ನು ಬೇರೆ ಮಾಡಿದರು. ಸತ್ವ ಒಂದು, ಇರುವವರು ಮೂವರು.

ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಪಾತ್ರೆ ಇಸಕೊಂಡರೆ ಖಾಲಿ ವಾಪಸ್ ಕೊಡುವುದಿಲ್ಲ. ಒಂದು ಹಿಡಿ ಸಕ್ಕರೆನೋ, ಎರಡು ಹೋಳಿಗೆನೋ ಹಾಕಿ ಕೊಡುತ್ತಾರೆ. ದೈವಶಾಸ್ತ್ರ ಗ್ರೀಕರ ಪಾತ್ರೆ ಇಸಕೊಂಡದ್ದು ನಿಜ. ವಾಪಸ್ ಕೊಡುವಾಗ ಅದರಲ್ಲಿ 'ವ್ಯಕ್ತಿ' ಅನ್ನುವ ವಿಚಾರ ಇತ್ತು. ಆರನೇ ಶತಮಾನದಲ್ಲಿ ಬೊಯೆಥಿಯಸ್ ವ್ಯಕ್ತಿಗೆ ಒಂದು ವ್ಯಾಖ್ಯೆ ಕೊಟ್ಟರು. ಯುರೋಪಿನ ತತ್ವಶಾಸ್ತ್ರ ಅದನ್ನು ಸಾವಿರ ವರ್ಷ ಎತ್ತಿ ಇಳಿಸಿ ನೋಡಿತು. ಅವರು ಅದನ್ನು ಬರೆದಿದ್ದು ಕ್ರಿಸ್ತನ ಬಗ್ಗೆ ಎದ್ದ ಜಗಳಕ್ಕೆ ಉತ್ತರವಾಗಿ. ದಾಸಿ, ಯಜಮಾನಿ, ಶತ್ರು ಅಂತೆಲ್ಲ ಈ ಎರಡು ಶಾಸ್ತ್ರಗಳ ಬಗ್ಗೆ ಹೇಳುತ್ತಾರೆ. ನನಗೆ ಕಾಣುವುದು ಪಾತ್ರೆ ಕೊಟ್ಟು ತಗೊಂಡು ಮಾಡುವ ಅಕ್ಕಪಕ್ಕದ ಮನೆಯವರು. ಮಧ್ಯೆ ಗೋಡೆ ಜಗಳವೂ ಉಂಟು.

ಯೇಸು ಅರ್ಧ ದೇವರು, ಅರ್ಧ ಮನುಷ್ಯ. ನಮ್ಮ ಹರಿಹರೇಶ್ವರನ ಹಾಗೇನಾ?

ಹರಿಹರದವರೊಬ್ಬರು ಕೇಳಿದ್ದು. ಆರೋಗ್ಯ ಮಾತೆಯ ಹಬ್ಬಕ್ಕೂ ಹೋಗುವವರು, ಹರಿಹರೇಶ್ವರನ ತೇರಿಗೂ ಹೋಗುವವರು.

ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಮೂರ್ತಿಯ ಒಂದು ಬದಿ ಶಿವ, ಇನ್ನೊಂದು ಬದಿ ವಿಷ್ಣು. ನಡುವೆ ಗೆರೆ ಎಳೆಯಬಹುದು. 451ರ ಕಾಲ್ಸೆದೋನ್ ಸಭೆ ಯೇಸುವಿನ ಬಗ್ಗೆ ಹೇಳಿದ್ದು ಹಾಗಲ್ಲ. ಪೂರ್ತಿ ದೇವರು, ಪೂರ್ತಿ ಮನುಷ್ಯ, ಆದರೆ ಒಬ್ಬರೇ. ಎರಡು ಸ್ವಭಾವ ಕಲಸಿಹೋಗಿಲ್ಲ, ಬದಲಾಗಿಲ್ಲ, ತುಂಡಾಗಿಲ್ಲ, ಬೇರೆಯಾಗಿಲ್ಲ. ನಾಲ್ಕು 'ಇಲ್ಲ'ಗಳು. ಹೇಗೆ ಅಂತ ಆ ಸಭೆ ಹೇಳಲೇ ಇಲ್ಲ. ಎಲ್ಲಿ ಹೆಜ್ಜೆ ಇಡಬಾರದು ಅಂತ ನಾಲ್ಕು ಕಡೆ ಬೇಲಿ ಹಾಕಿ ನಿಲ್ಲಿಸಿತು. ಈ ಬೇಲಿಯನ್ನೂ ಎಲ್ಲರೂ ಒಪ್ಪಲಿಲ್ಲ. ಈಜಿಪ್ಟಿನ ಕಾಪ್ಟಿಕ್ ಸಭೆ, ಅರ್ಮೇನಿಯದವರು ಇವತ್ತಿಗೂ ಆ ಸೂತ್ರದ ಹೊರಗಿದ್ದಾರೆ.

ದೇವರಿದ್ದಾರೆ ಅಂತ ತರ್ಕದಿಂದ ಸಾಬೀತು ಮಾಡಬಹುದಾ?

ಪ್ರಯತ್ನ ಬಹಳ ನಡೆದಿವೆ. ಹನ್ನೊಂದನೇ ಶತಮಾನದ ಸಂತ ಆನ್ಸೆಲ್ಮ್ ಒಂದು ಚುರುಕು ವಾದ ಹೂಡಿದರು. ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲಾಗದೋ ಅದೇ ದೇವರು. ಅದು ಬರೀ ತಲೆಯಲ್ಲಿದ್ದರೆ, ನಿಜವಾಗಿ ಇರುವಂಥದ್ದು ಅದಕ್ಕಿಂತ ದೊಡ್ಡದಾಗುತ್ತದೆ. ಆದ್ದರಿಂದ ಅದು ನಿಜವಾಗಿಯೂ ಇರಲೇಬೇಕು. ಗೌನಿಲೋ ಎಂಬ ಸನ್ಯಾಸಿ ತಕ್ಷಣ ಉತ್ತರ ಕೊಟ್ಟರು: ಹೀಗೇ ಹೇಳಿದರೆ ಅತ್ಯುತ್ತಮ ದ್ವೀಪವೂ ಸಮುದ್ರದಲ್ಲಿ ಎಲ್ಲೋ ಇರಲೇಬೇಕಲ್ಲ? ಇಬ್ಬರೂ ಸನ್ಯಾಸಿಗಳೇ, ಇಬ್ಬರೂ ನಂಬಿದವರೇ. ಆನ್ಸೆಲ್ಮರು ಆ ಟೀಕೆಯನ್ನೂ ತಮ್ಮ ಉತ್ತರವನ್ನೂ ಪುಸ್ತಕದ ಜೊತೆಗೇ ಸೇರಿಸಿ ನಕಲು ಮಾಡಿ ಅಂದರಂತೆ. ಈ ದೊಡ್ಡತನ ನನಗೆ ವಾದಕ್ಕಿಂತ ಇಷ್ಟ.

ಸಂತ ಥಾಮಸ್ ಅಕ್ವಿನಾಸ್ (1225-1274) ಆ ವಾದವನ್ನು ಒಪ್ಪಲಿಲ್ಲ. ಕಣ್ಣೆದುರಿನ ಜಗತ್ತಿನಿಂದ ಶುರು ಮಾಡಿ ಐದು ದಾರಿ ತೋರಿಸಿದರು. ಮೊದಲನೆಯದನ್ನು ನಾನು ಭದ್ರಾ ನಾಲೆ ಇಟ್ಟುಕೊಂಡು ಹೇಳುತ್ತಿದ್ದೆ. ಕೊನೆ ಭಾಗದ ರೈತರ ಗದ್ದೆಗೆ ನೀರು ಬಂತು. ಎಲ್ಲಿಂದ? ಹೊಲಗಾಲುವೆಯಿಂದ. ಅದಕ್ಕೆ? ಉಪನಾಲೆ. ಅದಕ್ಕೆ? ಮುಖ್ಯ ನಾಲೆ. ನಾಲೆಯನ್ನು ಎಷ್ಟು ಮೈಲಿ ಬೇಕಾದರೂ ಉದ್ದ ಮಾಡಿ, ಬರೀ ನಾಲೆಯಿಂದ ನೀರು ಹುಟ್ಟುವುದಿಲ್ಲ. ಲಕ್ಕವಳ್ಳಿಯಲ್ಲಿ ಡ್ಯಾಮ್ ಇರಬೇಕು. ಒಮ್ಮೆ ಹಿಂದಿನ ಬೆಂಚಿನ ಹುಡುಗ ಎದ್ದು, "ಡ್ಯಾಮಿಗೆ ಮಳೆಯಿಂದ ಬರುತ್ತೆ ಮೇಡಮ್, ಮಳೆ ಸಮುದ್ರದಿಂದ, ಸಮುದ್ರಕ್ಕೆ ಹೊಳೆಯಿಂದ. ಸುತ್ತು ಹೊಡೆಯುತ್ತೆ, ಮೊದಲೇ ಇಲ್ಲ" ಅಂದ. ಕ್ಲಾಸು ಚಪ್ಪಾಳೆ ತಟ್ಟಿತು. ನನ್ನ ಉದಾಹರಣೆ ಅಲ್ಲಿಗೆ ಒಡೆಯಿತು.

ಅಕ್ವಿನಾಸರ ವಾದ ಒಡೆಯಿತಾ? ಪೂರ್ತಿ ಇಲ್ಲ. ಅವರು ಹೇಳುತ್ತಿದ್ದದ್ದು ಕಾಲದಲ್ಲಿ ಹಿಂದೆ ಹಿಂದೆ ಹೋಗಿ ಸಿಗುವ ಮೊದಲ ದಿನದ ಬಗ್ಗೆ ಅಲ್ಲ. ಈ ಗಳಿಗೆಯಲ್ಲಿ ಇದನ್ನೆಲ್ಲ ಇರುವಂತೆ ಹಿಡಿದಿಟ್ಟದ್ದು ಯಾವುದು ಅಂತ. ಜಗತ್ತಿಗೆ ಒಂದು ಆರಂಭ ಇತ್ತು ಅನ್ನೋದನ್ನು ತರ್ಕದಿಂದ ಸಾಧಿಸಲಾಗದು, ಅದು ವಿಶ್ವಾಸದ ಮಾತು ಅಂತ ಅವರೇ ಬರೆದಿದ್ದಾರೆ. ಜಾಸ್ತಿ ಜನ ಇದನ್ನು ಗಮನಿಸುವುದಿಲ್ಲ. ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನುವ ಮಟ್ಟಕ್ಕೆ ಇಳಿಸಿ ಬಿಡುತ್ತಾರೆ.

1781ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್, ಇಂಥ ಸಾಧನೆಗಳೆಲ್ಲ ಬುದ್ಧಿ ತನ್ನ ಅಳತೆ ಮೀರಿ ಮಾಡುವ ಸಾಹಸ ಅಂದರು. ನಮ್ಮಲ್ಲೂ ನ್ಯಾಯ ದರ್ಶನದ ಉದಯನಾಚಾರ್ಯರು ಈಶ್ವರನನ್ನು ತರ್ಕದಿಂದ ಸಾಧಿಸಲು ಹೊರಟಿದ್ದರು, ಬೌದ್ಧರು, ಮೀಮಾಂಸಕರು ಒಪ್ಪಲಿಲ್ಲ. ಬುದ್ಧಿವಂತರಿರುವ ಊರಲ್ಲೆಲ್ಲ ಈ ಜಗಳ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಈ ವಾದಗಳು ಯಾರನ್ನೂ ಚರ್ಚಿಗೆ ತಂದು ಕೂರಿಸುವುದಿಲ್ಲ. ಆದರೆ 'ದೇವರು' ಅನ್ನುವ ಪದವನ್ನು ಸುಮ್ನೆ ಬಳಸುತ್ತಿದ್ದವರು ಅದರ ಅರ್ಥ ಯೋಚಿಸುವ ಹಾಗೆ ಮಾಡುತ್ತವೆ.

ಉತ್ತರ ಮೊದಲೇ ಗೊತ್ತಿದ್ದ ಮೇಲೆ ಅದು ಯೋಚನೆ ಹೇಗಾಗುತ್ತದೆ?

ನ್ಯಾಯವಾದ ಪ್ರಶ್ನೆ. ಅಪಾಯ ನಿಜವಾಗಿಯೂ ಇದೆ. ವಕೀಲರ ಥರ, ಕಕ್ಷಿದಾರರನ್ನು ಗೆಲ್ಲಿಸುವುದಕ್ಕಷ್ಟೇ ವಾದ ಹುಡುಕುವ ದೈವಶಾಸ್ತ್ರ ಬೇಕಾದಷ್ಟಿದೆ.

ಆದರೆ ಅಕ್ವಿನಾಸರ ದೊಡ್ಡ ಗ್ರಂಥ ತೆರೆದು ನೋಡಿ. 'ದೇವರಿದ್ದಾರೆಯೇ' ಅನ್ನುವ ಪ್ರಶ್ನೆಯ ಕೆಳಗೆ ಮೊದಲ ಸಾಲು ಏನು ಗೊತ್ತಾ? ದೇವರಿಲ್ಲ ಅಂತ ತೋರುತ್ತದೆ. ಕೆಟ್ಟದ್ದು ಇದೆಯಲ್ಲ, ಅದಕ್ಕೇ. ಆಮೇಲೆ ಇನ್ನೊಂದು ಆಕ್ಷೇಪ: ದೇವರಿಲ್ಲದೆಯೂ ಎಲ್ಲವನ್ನೂ ವಿವರಿಸಬಹುದಲ್ಲ? ಇಷ್ಟಾದ ಮೇಲೆ ಅವರ ಉತ್ತರ. ಇಡೀ ಗ್ರಂಥ ಹೀಗೇ ಸಾಗುತ್ತದೆ. ನಮ್ಮ ಶಾಸ್ತ್ರಗಳಲ್ಲಿ ಪೂರ್ವಪಕ್ಷ ಹೇಳಿ ಆಮೇಲೆ ಸಿದ್ಧಾಂತ ಹೇಳುತ್ತಾರಲ್ಲ, ಅದೇ ಶಿಸ್ತು. ಎದುರಾಳಿಯ ಮಾತನ್ನು ಎದುರಾಳಿಗಿಂತ ಚೆನ್ನಾಗಿ ಹೇಳಿದವರನ್ನು ಯೋಚಿಸಲಿಲ್ಲ ಅನ್ನುವುದು ಹೇಗೆ?

'ತತ್ವಶಾಸ್ತ್ರ ದೈವಶಾಸ್ತ್ರದ ದಾಸಿ' ಅನ್ನೋ ಮಾತು?

ಮಧ್ಯಯುಗದ ಮಾತು. ದಾಸಿ ಹೇಳಿದ ಹಾಗೆ ಕೇಳಲಿಲ್ಲ ಅನ್ನೋದು ಅದರ ಮುಂದಿನ ಕಥೆ. ಇಬ್ನ್ ಸಿನಾ, ಇಬ್ನ್ ರುಶ್ದ್ ಮುಂತಾದ ಮುಸ್ಲಿಂ ಪಂಡಿತರ ವ್ಯಾಖ್ಯಾನಗಳ ಜೊತೆ ಅರಿಸ್ಟಾಟಲ್ ಗ್ರಂಥಗಳು ಲ್ಯಾಟಿನ್ನಿಗೆ ಬಂದಾಗ ಪ್ಯಾರಿಸ್ಸಿನ ಬಿಷಪ್ಪರು ಗಾಬರಿಯಾದರು. 1210ರಲ್ಲಿ ಅರಿಸ್ಟಾಟಲರ ಪ್ರಕೃತಿ ಗ್ರಂಥಗಳನ್ನು ಅಲ್ಲಿ ಪಾಠ ಮಾಡಬಾರದು ಅಂತ ಆಜ್ಞೆಯಾಯಿತು. 1277ರಲ್ಲಿ ಬಿಷಪ್ ತಾಂಪಿಯೆ 219 ಹೇಳಿಕೆಗಳನ್ನು ಖಂಡಿಸಿದರು. ಅವುಗಳಲ್ಲಿ ಕೆಲವು ಅಕ್ವಿನಾಸರ ವಿಚಾರಕ್ಕೂ ತಾಗುವಂತಿದ್ದವು. ಸುಮಾರು ಐವತ್ತು ವರ್ಷ ಕಳೆಯುವಷ್ಟರಲ್ಲಿ ಸಭೆ ಅವರನ್ನೇ ಸಂತರೆಂದು ಸಾರಿತು. 1879ರಲ್ಲಿ ಪೋಪ್ 13ನೇ ಲಿಯೋ, ಎಲ್ಲ ಕ್ಯಾಥೊಲಿಕ್ ಶಾಲೆಗಳೂ ಅಕ್ವಿನಾಸರನ್ನೇ ಓದಿಸಲಿ ಅಂದರು.

ಅಕ್ವಿನಾಸರು ಮಾತ್ರ 1273ರ ಡಿಸೆಂಬರಿನಲ್ಲಿ ಒಂದು ದಿನ ಪೂಜೆಯ ಹೊತ್ತಿನಲ್ಲಿ ಏನೋ ಕಂಡು, ಬರೆಯುವುದನ್ನು ನಿಲ್ಲಿಸಿಬಿಟ್ಟರು. ಕಂಡದ್ದರ ಮುಂದೆ ಬರೆದದ್ದೆಲ್ಲ ಹುಲ್ಲು ಅಂದರಂತೆ. ಗ್ರಂಥ ಅರ್ಧಕ್ಕೇ ನಿಂತಿದೆ.

ಫಾದರ್ ಆಗುವುದಕ್ಕೆ ಫಿಲಾಸಫಿ ಯಾಕೆ ಓದಬೇಕು?

ಮಗನನ್ನು ಸೆಮಿನರಿಗೆ ಕಳಿಸಿದ ತಾಯಂದಿರು ಕೇಳುತ್ತಾರೆ. ಕ್ಯಾಥೊಲಿಕ್ ಸಭೆಯ ನಿಯಮದಲ್ಲೇ ಹಾಗಿದೆ. ಕಡೇ ಪಕ್ಷ ಎರಡು ವರ್ಷ ತತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ. ಸರಿಯಾಗಿ ಪ್ರಶ್ನೆ ಕೇಳಲು ಕಲಿಯದವರು ಉತ್ತರವನ್ನು ಗಿಳಿಪಾಠ ಮಾಡುತ್ತಾರೆ ಅನ್ನುವುದು ಇದರ ಹಿಂದಿನ ಯೋಚನೆ. ಎಲ್ಲರಿಗೂ ಇದು ಹತ್ತುವುದಿಲ್ಲ ಬಿಡಿ. ಪರೀಕ್ಷೆಗೆ ಕಾಂಟ್ ನೋಟ್ಸ್ ಬಾಯಿಪಾಠ ಮಾಡಿದವರನ್ನೂ ನೋಡಿದ್ದೇನೆ.

ಲೂಥರ್ ತತ್ವಶಾಸ್ತ್ರದ ವಿರೋಧಿ ಅಂತಾರಲ್ಲ?

ಅರಿಸ್ಟಾಟಲ್ ವಿರೋಧಿ ಅನ್ನುವುದು ಹೆಚ್ಚು ಸರಿ. ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಅವರು 1517ರಲ್ಲಿ, ಚರ್ಚಿನ ತಪ್ಪುಗಳ ಬಗ್ಗೆ ಬರೆದ ಆ ಪ್ರಸಿದ್ಧ 95 ಅಂಶಗಳಿಗಿಂತ ಕೆಲವು ವಾರ ಮೊದಲು, ಅರಿಸ್ಟಾಟಲ್ ಇಲ್ಲದೆಯೇ ದೈವಶಾಸ್ತ್ರಜ್ಞ ಆಗಬೇಕು ಅಂತ ಬರೆದಿದ್ದರು. ಬುದ್ಧಿಗೆ ಇಲ್ಲಿ ಬರೆಯಲಾಗದ ಬೈಗುಳ ಬೈದಿದ್ದಾರೆ. ಅದೇ ಲೂಥರ್ 1521ರಲ್ಲಿ ವರ್ಮ್ಸ್ ಸಭೆಯಲ್ಲಿ, ಬೈಬಲಿನಿಂದ ಅಥವಾ ಸ್ಪಷ್ಟ ತರ್ಕದಿಂದ ತೋರಿಸಿಕೊಟ್ಟರೆ ಮಾತ್ರ ಹಿಂದೆ ಸರಿಯುತ್ತೇನೆ ಅಂದರು.

ಈ ಸಾಲಿನಲ್ಲಿ ನನಗೆ ಹತ್ತಿರದವರು ಪಾಸ್ಕಲ್. ಗಣಿತಜ್ಞ, ಲೆಕ್ಕದ ಯಂತ್ರ ಮಾಡಿದವರು. 1654ರ ನವೆಂಬರ್ 23ರ ರಾತ್ರಿ ಅವರಿಗೇನೋ ಆಯಿತು. ಅದನ್ನು ಒಂದು ಚೀಟಿಯಲ್ಲಿ ಬರೆದು ಕೋಟಿನ ಒಳಬಟ್ಟೆಯಲ್ಲಿ ಹೊಲಿದುಕೊಂಡರು. ಸತ್ತ ಮೇಲೆ ಸಿಕ್ಕಿತು. ಅಬ್ರಹಾಮ, ಈಸಾಕ, ಯಕೋಬರ ದೇವರು, ತತ್ವಜ್ಞಾನಿಗಳ ಮತ್ತು ಪಂಡಿತರ ದೇವರಲ್ಲ, ಅಂತ ಅದರಲ್ಲಿತ್ತು. ಇದನ್ನು ಬರೆದವರು ತರ್ಕ ಬಾರದವರಲ್ಲ ಅನ್ನುವುದೇ ಅದರ ತೂಕ.

ಒಳ್ಳೇ ದೇವರಿದ್ದರೆ ಇಷ್ಟು ಕಷ್ಟ ಯಾಕೆ?

ಅಗಸ್ಟೀನರು (354-430) ಪ್ಲೇಟೋ ಪಂಥದಿಂದ ಒಂದು ಉತ್ತರ ಪಡೆದರು. ಕೆಟ್ಟದ್ದು ಅನ್ನುವುದು ಒಂದು ವಸ್ತುವಲ್ಲ, ಒಳ್ಳೆಯದರ ಕೊರತೆ. ಬಟ್ಟೆ ಇದ್ದರೆ ತಾನೇ ತೂತು? ದೇವರು ಮಾಡಿದ್ದು ಬಟ್ಟೆ. ತೂತನ್ನು ಯಾರೂ 'ಮಾಡಿ' ಇಡಲಿಲ್ಲ. ತರ್ಕವಾಗಿ ಇದು ಗಟ್ಟಿ. ಒಳ್ಳೇ ದೇವರು, ಕೆಟ್ಟ ದೇವರು ಅಂತ ಇಬ್ಬರನ್ನು ಒಪ್ಪುವ ಮಾನಿಯ ಪಂಥದಿಂದ ಅವರು ಹೊರಬಂದದ್ದು ಇದರ ಸಹಾಯದಿಂದ.

ಆದರೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ವರ್ಷಗಳ ಹಿಂದೆ ಪರಿಚಯದವರ ಮನೆಯಲ್ಲಿ ಮಗು ತೀರಿಕೊಂಡಿತ್ತು. ಆ ತಾಯಿ ಯಾಕೆ ಹೀಗಾಯಿತು ಅಂದಾಗ ನಾನು ಇದನ್ನೇ ಸರಳ ಮಾಡಿ ಹೇಳಲು ಹೋದೆ. ಆಕೆ ನನ್ನ ಮುಖ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ಆ ಮನೆಯ ಅಜ್ಜಿ ಬಂದು ಏನೂ ಮಾತಾಡದೆ ಪಕ್ಕದಲ್ಲಿ ಕೂತರು. ಬೈಬಲಿನಲ್ಲಿ ಕಷ್ಟಕ್ಕೆ ಸಿಕ್ಕ ಯೋಬನ ಗೆಳೆಯರೂ ಏಳು ದಿನ ಸುಮ್ಮನೆ ಕೂತಿದ್ದರು. ಬಾಯಿ ತೆರೆದ ಮೇಲೆಯೇ ಅವರು ಕೆಟ್ಟದ್ದು. ಅಗಸ್ಟೀನರ ಉತ್ತರ ಕ್ಲಾಸಿನ ಪ್ರಶ್ನೆಗೆ. ಆ ತಾಯಿ ಕೇಳಿದ್ದು ಕ್ಲಾಸಿನ ಪ್ರಶ್ನೆ ಆಗಿರಲಿಲ್ಲ.

ಬರೀ ಗ್ರೀಕರೇ ಯಾಕೆ? ನಮ್ಮ ದರ್ಶನಗಳ ಜೊತೆ ಮಾತುಕತೆ ಆಗಲಿಲ್ವಾ?

ಆಯಿತು, ತಡವಾಗಿ. ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು (1861-1907) ಕ್ಯಾಥೊಲಿಕರಾಗಿ, ಅಕ್ವಿನಾಸರಿಗೆ ಅರಿಸ್ಟಾಟಲ್ ಇದ್ದ ಹಾಗೆ ಇಲ್ಲಿ ವೇದಾಂತ ಇರಲಿ ಅಂದರು. ತ್ರಿತ್ವವನ್ನು ಸತ್, ಚಿತ್, ಆನಂದ ಅಂತ ಹಾಡಿ ಸಂಸ್ಕೃತದಲ್ಲಿ ಸ್ತೋತ್ರ ಬರೆದರು. ಅಂದಿನ ಸಭೆ ಅವರ ಪತ್ರಿಕೆಯನ್ನು ಓದಬೇಡಿ ಅಂತು. ರಾಜದ್ರೋಹದ ವಿಚಾರಣೆ ನಡೆಯುವಾಗಲೇ ತೀರಿಕೊಂಡರು. ತಮಿಳುನಾಡಿನ ಎ.ಜೆ. ಅಪ್ಪಾಸಾಮಿಯವರು ಅದ್ವೈತ ಬೇಡ, ಕ್ರೈಸ್ತ ಧರ್ಮ ಭಕ್ತಿಮಾರ್ಗಕ್ಕೆ ಹತ್ತಿರ ಅಂದರು. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಸ್ಟಾನ್ಲಿ ಸಮರ್ಥರು ಬೇರೆ ಧರ್ಮದವರ ಜೊತೆ ಸಂವಾದ ಹೇಗಿರಬೇಕು ಅನ್ನುವುದನ್ನು ಲೋಕದ ಸಭೆಗಳಿಗೇ ಕಲಿಸಿದರು. 1998ರಲ್ಲಿ ಪೋಪ್ 2ನೇ ಜಾನ್ ಪಾಲ್, ವಿಶ್ವಾಸ ಮತ್ತು ವಿವೇಕದ ಬಗ್ಗೆ ಬರೆದ ಪತ್ರದಲ್ಲಿ ಭಾರತದ ಹೆಸರನ್ನೇ ಎತ್ತಿ, ಇಲ್ಲಿನ ಚಿಂತನೆಯಿಂದ ಪಡೆಯುವುದಿದೆ ಅಂದರು.

ಆದರೆ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ್ ನಿರ್ಮಲ್ ಎದ್ದು ನಿಂತು ಒಂದು ಖಾರದ ಮಾತು ಹೇಳಿದರು. ಇಷ್ಟು ದಿನ ಭಾರತೀಯ ದೈವಶಾಸ್ತ್ರ ಮಾತಾಡಿದ್ದು ಬ್ರಾಹ್ಮಣ ದರ್ಶನಗಳ ಜೊತೆ ಮಾತ್ರ. ಚರ್ಚಿನಲ್ಲಿ ಕೂತಿರುವ ಹೆಚ್ಚಿನವರು ದಲಿತರು. ಅವರ ನೋವು, ಅವರ ಕಥೆ ಎಲ್ಲಿ? ದಲಿತ ದೈವಶಾಸ್ತ್ರಕ್ಕೆ ದಾರಿಯಾದದ್ದು ಆ ಮಾತು. ಪಾತ್ರೆ ಯಾರ ಮನೆಯಿಂದ ಇಸಕೊಳ್ಳುತ್ತೀರಿ, ಯಾರ ಮನೆ ಬಿಟ್ಟು ಹೋಗುತ್ತೀರಿ ಅಂತ ಕೇಳಿದ ಹಾಗೆ. ಮಧ್ಯ ಕರ್ನಾಟಕದಲ್ಲಿ ಕೂತು ಇದನ್ನು ಓದಿದರೆ ಬೇಗ ಅರ್ಥವಾಗುತ್ತದೆ.

ಅಲ್ಲಮನ ಬಯಲಿಗೂ ಕ್ರೈಸ್ತರಿಗೂ ಏನಾದರೂ ಹೋಲಿಕೆ ಇದೆಯಾ?

ಸಿರಿಗೆರೆ ಕಡೆಯ ಒಬ್ಬ ಗೆಳತಿ ಪ್ರತಿ ಸಲ ಇಲ್ಲಿಗೇ ಬಂದು ನಿಲ್ಲುತ್ತಾಳೆ. ಅಥೆನ್ಸಿನ ದಿಯೊನಿಸಿಯಸ್ ನೆನಪಿದೆಯಾ? ಸುಮಾರು 500ನೇ ಇಸವಿಯಲ್ಲಿ ಸಿರಿಯಾ ಕಡೆಯ ಒಬ್ಬ ಲೇಖಕ ಅವರ ಹೆಸರಿಟ್ಟುಕೊಂಡು ಕೆಲವು ಪುಟ್ಟ ಗ್ರಂಥ ಬರೆದರು. ದೇವರು ಬೆಳಕು ಅನ್ನಿ, ಆಮೇಲೆ ಬೆಳಕಲ್ಲ ಅನ್ನಿ. ಒಳ್ಳೆಯದು ಅನ್ನಿ, ಆಮೇಲೆ ನಾವು ಬಲ್ಲ ಒಳ್ಳೆಯದಲ್ಲ ಅನ್ನಿ. ಕೊನೆಗೆ 'ಅಲ್ಲ' ಅನ್ನುವುದನ್ನೂ ಬಿಡಿ. ಪ್ಲೇಟೋ ಪಂಥದ ಕೊನೆಯ ಪಂಡಿತರಿಂದ ಕಲಿತ ದಾರಿ ಇದು. ಅಕ್ವಿನಾಸರೇ ಇವರನ್ನು ಸಾವಿರಕ್ಕೂ ಹೆಚ್ಚು ಸಲ ಉಲ್ಲೇಖಿಸುತ್ತಾರೆ.

ಅಲ್ಲಮರನ್ನು ಓದಿದ ಕಿವಿಗೆ ಇದು ಪರಿಚಯದ ದನಿ. ಮಾತನ್ನು ಮಾತಿನಿಂದಲೇ ಸುಡುವ ರೀತಿ ಎರಡೂ ಕಡೆ ಇದೆ. ಆದರೆ ಎರಡೂ ಒಂದೇ ಅನ್ನಲು ನನಗೆ ಮನಸ್ಸಿಲ್ಲ. ಅಲ್ಲಮರ ಬಯಲಿನಲ್ಲಿ ಕೊನೆಗೆ ಕಾಣುವವನೂ ಉಳಿಯುವುದಿಲ್ಲ. ದಿಯೊನಿಸಿಯಸ್ ಮಾತ್ರ ತನ್ನ ಗ್ರಂಥವನ್ನು ತ್ರಿತ್ವಕ್ಕೆ ಪ್ರಾರ್ಥನೆ ಮಾಡಿ ಶುರು ಮಾಡುತ್ತಾರೆ, ಎದುರು ಒಬ್ಬರಿದ್ದಾರೆ. ಗೆಳತಿ ಇದನ್ನು ಒಪ್ಪುವುದಿಲ್ಲ. ನಾನು ಅಲ್ಲಮರನ್ನು ಕ್ರೈಸ್ತರ ಕನ್ನಡಕದಲ್ಲಿ ಓದುತ್ತಿದ್ದೇನೆ ಅನ್ನುತ್ತಾಳೆ. ಇರಬಹುದು.

ನಂಬಿಕೆ ಇಲ್ಲದವರು ದೈವಶಾಸ್ತ್ರ ಓದಬಹುದಾ?

ಧಾರಾಳವಾಗಿ. ನಮ್ಮ ಭಾನುವಾರದ ಗುಂಪಿನಲ್ಲಿ ಇಬ್ಬರು ದೇವರನ್ನು ನಂಬುವುದಿಲ್ಲ. ಅವರೇ ಜಾಸ್ತಿ ಓದಿಕೊಂಡು ಬರುತ್ತಾರೆ.

ಎಲ್ಲಿಂದ ಶುರು ಮಾಡಲಿ?

ದಪ್ಪ ಪುಸ್ತಕದಿಂದ ಬೇಡ. ಪ್ಲೇಟೋ ಬರೆದ ಯೂಥಿಫ್ರೋ ಸಂವಾದ ಒಂದು ಸಂಜೆಗೆ ಮುಗಿಯುತ್ತದೆ. ದೇವರು ಮೆಚ್ಚಿದ್ದಕ್ಕೆ ಅದು ಒಳ್ಳೆಯದಾ, ಒಳ್ಳೆಯದು ಅಂತ ದೇವರು ಮೆಚ್ಚಿದರಾ ಅನ್ನುವುದು ಅದರ ಪ್ರಶ್ನೆ. ಅದನ್ನು ಓದಿ ಎರಡು ದಿನ ತಲೆ ಕೆಡಿಸಿಕೊಳ್ಳಿ. ಆಮೇಲೆ ಪ್ರೇಷಿತರ ಕಾರ್ಯಕಲಾಪಗಳ 17ನೇ ಅಧ್ಯಾಯ. ಆಮೇಲೆ ಅಗಸ್ಟೀನರ ಆತ್ಮಕಥೆಯ 7ನೇ ಭಾಗ. ಅದು ಹಿಡಿಸಿದರೆ 11ನೇ ಭಾಗ ಬಿಡಬೇಡಿ. ಕಾಲ ಅಂದರೇನು ಅಂತ ಯಾರೂ ಕೇಳದಿದ್ದರೆ ಗೊತ್ತು, ಕೇಳಿದರೆ ಗೊತ್ತಿಲ್ಲ ಅನ್ನುವ ಮಾತು ಅಲ್ಲಿದೆ. ಪೆನ್ಸಿಲ್ ಇಟ್ಟುಕೊಂಡು ಓದಿ. ಒಪ್ಪದ ಕಡೆ ಗೀಟು ಹಾಕಿ. ಭಾನುವಾರ ಐದೂವರೆಗೆ ಬರುವುದಾದರೆ ಆ ಗೀಟು ಹಾಕಿದ ಪುಟಗಳನ್ನೇ ಮೊದಲು ತೆರೆಯೋಣ.